27 ವಾರದ ಮಗು, 81 ಎಂ.ಎಲ್. ರಕ್ತ: ಒಂದು ರಕ್ತಹೀನತೆಯ ಪ್ರಕರಣ

27 ವಾರಕ್ಕೆ ಹುಟ್ಟಿದ ಹೆಣ್ಣುಮಗು, ತೂಕ 900 ಗ್ರಾಂ. ಮಾಸು ಗರ್ಭಕೋಶದ ಗೋಡೆಯಿಂದ ಭಾಗಶಃ ಬಿಟ್ಟುಕೊಂಡು ತಾಯಿಗೆ ರಕ್ತಸ್ರಾವವಾಗಿದ್ದರಿಂದ ತುರ್ತು ಸಿಸೇರಿಯನ್ ಮಾಡಬೇಕಾಯಿತು. 26ನೇ ವಾರದಲ್ಲಿ ತಾಯಿಯ ಹಿಮೋಗ್ಲೋಬಿನ್ 8.9 ಇತ್ತು (100 ಎಂ.ಎಲ್. ರಕ್ತದಲ್ಲಿ ಇಷ್ಟು ಗ್ರಾಂ; ಮುಂದಿನ ಅಂಕಿಗಳೂ ಹಾಗೆಯೇ). ಹುಟ್ಟಿದಾಗ ಮಗು ಅಳಲಿಲ್ಲ, ಮೈ ಸಡಿಲವಾಗಿತ್ತು. ಹೊಕ್ಕುಳಬಳ್ಳಿಯನ್ನು 15 ಸೆಕೆಂಡಿನೊಳಗೆ ಕತ್ತರಿಸಿ ಮಗುವನ್ನು ವಾರ್ಮರ್‌ಗೆ ಒಯ್ದರು. ಮೊದಲ ಹಿಮೋಗ್ಲೋಬಿನ್ 13.4 ಬಂತು. ಎಂಟನೇ ದಿನ ಅದು 9.4ಕ್ಕೆ ಇಳಿಯಿತು. ಆರು ವಾರ ದಾಟಿದಾಗ ಎರಡು ಸಲ ರಕ್ತ ಕೊಟ್ಟಾಗಿತ್ತು, ಆದರೂ ಅಂಕಿ 7.6ಕ್ಕೆ ಬಂದು ನಿಂತಿತ್ತು.

ಇದು ಒಂದೇ ಮಗುವಿನ ಕಡತವಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಾದ ಎನ್‌ಐಸಿಯುಗಳಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಮಾದರಿ ಪ್ರಕರಣ. ಕಾಲು ಭಾಗಕ್ಕಿಂತ ಹೆಚ್ಚು ರಕ್ತ ಮೊದಲ ವಾರದಲ್ಲೇ ಎಲ್ಲಿ ಹೋಯಿತು ಎಂಬುದನ್ನು ಎಂ.ಎಲ್. ಲೆಕ್ಕದಲ್ಲಿ ನೋಡಬೇಕು ಎಂಬ ಕಾರಣಕ್ಕೆ ಅಂಕಿಗಳನ್ನು ವಿವರವಾಗಿ ಕೊಟ್ಟಿದೆ.

ಹುಟ್ಟುವ ಮೊದಲೇ ಇದ್ದ ಅಪಾಯಗಳು

ಗರ್ಭದಲ್ಲಿರುವ ಮಗು ತನ್ನ ಕಬ್ಬಿಣದ ಹೆಚ್ಚಿನ ಪಾಲನ್ನು ತಾಯಿಯಿಂದ ಪಡೆಯುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ಮೈಯಲ್ಲಿ ಕೆ.ಜಿ.ಗೆ ಸುಮಾರು 75 ಮಿ.ಗ್ರಾಂ ಕಬ್ಬಿಣವಿರುತ್ತದೆ. 27 ವಾರಕ್ಕೆ ಹೊರಬಂದ ಮಗುವಿಗೆ ಆ ಮೂರು ತಿಂಗಳು ಸಿಗುವುದೇ ಇಲ್ಲ. ಹಾಗಾಗಿ ಹೊರಗಿನಿಂದ ಕೊಡದಿದ್ದರೆ ಬೆಳವಣಿಗೆಗೆ ಬೇಕಾದ ಕಬ್ಬಿಣ ಮೈಯಲ್ಲಿ ಇರುವುದಿಲ್ಲ. ತಾಯಿಗೆ ತೀವ್ರ ರಕ್ತಹೀನತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದ ಮಾಸಿನ ಕೆಲಸ ಕುಂಠಿತವಾಗಿ ಮಗುವಿನ ಬೆಳವಣಿಗೆ ನಿಲ್ಲುವುದು, ಅವಳಿ ಗರ್ಭ ಇವು ಸೇರಿಕೊಂಡರೆ ಶೇಖರ ಇನ್ನೂ ಕಡಿಮೆ. ಈ ಪ್ರಕರಣದಲ್ಲಿ ಇದ್ದದ್ದು ತಾಯಿಯ ರಕ್ತಹೀನತೆ, ಜೊತೆಗೆ ಮಾಸು ಬಿಟ್ಟುಕೊಂಡದ್ದು. ಹಾಗೆ ಸುರಿಯುವ ರಕ್ತ ಬಹುಪಾಲು ತಾಯಿಯದೇ. ಆದರೂ ಮಗುವಿನ ರಕ್ತ ಅದರಲ್ಲಿ ಸೇರಿಲ್ಲ ಎಂದು ಹೇಳಲಾಗದು. ಮಗುವಿನ ರಕ್ತ ತಾಯಿಯ ರಕ್ತನಾಳಕ್ಕೆ ಸೇರಿಹೋಗಿರಬಹುದು ಎಂಬ ಅನುಮಾನವಿದ್ದರೆ ತಾಯಿಯ ರಕ್ತದಲ್ಲಿ ಕ್ಲೈಹೌವರ್ ಪರೀಕ್ಷೆ ಮಾಡಿಸಬೇಕು. ಹುಟ್ಟಿದಾಗಿನ 13.4 ಇಪ್ಪತ್ತೇಳು ವಾರದ ಮಗುವಿಗೆ ಕಡಿಮೆಯೇ. ಈ ಅಂಕಿಯೊಂದೇ ಪರೀಕ್ಷೆ ಕೇಳಲು ಸಾಕಷ್ಟು ಕಾರಣವಾಗಿತ್ತು.

ಬಳ್ಳಿ ಬೇಗ ಕತ್ತರಿಸಿದ್ದು ಎರಡನೆಯ ನಷ್ಟ. ಕನಿಷ್ಠ 30ರಿಂದ 60 ಸೆಕೆಂಡು ತಡೆದರೆ ಮಾಸಿನಿಂದ ಕೆ.ಜಿ.ಗೆ 10-15 ಎಂ.ಎಲ್.ನಷ್ಟು ರಕ್ತ ಮಗುವಿಗೆ ಹರಿದುಬರುತ್ತದೆ, ಅಂದರೆ ಈ ಮಗುವಿಗೆ ಹೆಚ್ಚುಕಡಿಮೆ 9ರಿಂದ 13 ಎಂ.ಎಲ್. ಆದರೆ ಮಾಸು ಬಿಟ್ಟುಕೊಂಡಿದ್ದಾಗ, ಮಗು ಉಸಿರಾಡದಿದ್ದಾಗ ತಡೆಯದಿರುವುದನ್ನು ತಪ್ಪೆನ್ನಲಾಗದು. ತಡೆಯುವ ಬದಲು ಕತ್ತರಿಸದ ಬಳ್ಳಿಯನ್ನು ಹಿಂಡಿ ರಕ್ತ ತಳ್ಳುವ ಪದ್ಧತಿ 28 ವಾರಕ್ಕಿಂತ ಮೊದಲು ಹುಟ್ಟಿದವರಲ್ಲಿ ಬೇಡ. 2019ರಲ್ಲಿ ಪ್ರಕಟವಾದ ಪ್ರೆಮಾಡ್-2 ಅಧ್ಯಯನದಲ್ಲಿ ಹಾಗೆ ಹಿಂಡಿದ ಅತಿ ಎಳೆಯ ಶಿಶುಗಳಲ್ಲಿ ಮೆದುಳಿನ ತೀವ್ರ ರಕ್ತಸ್ರಾವ ಹೆಚ್ಚು ಕಂಡಿತ್ತು.

ಆ ಗಡಿಬಿಡಿಯಲ್ಲೂ ಸಾಧ್ಯವಿದ್ದ ಒಂದು ಉಳಿತಾಯ ಮಾತ್ರ ಕೈತಪ್ಪಿತು. ಮೊದಲ ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಗುಂಪು, ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆ) ಈ ಮೂರಕ್ಕೂ ಮಾಸಿನ ಕಡೆ ಉಳಿದ ಬಳ್ಳಿಯಿಂದ ರಕ್ತ ತೆಗೆಯಬಹುದಿತ್ತು. ಬಳ್ಳಿಯ ಅಭಿಧಮನಿಯನ್ನು ಸ್ಪಿರಿಟ್‌ನಿಂದ ಚೆನ್ನಾಗಿ ಒರೆಸಿ, ಒಣಗಲು ಬಿಟ್ಟು ತೆಗೆದರೆ ಕಲ್ಚರ್‌ಗೂ ಅದು ನಡೆಯುತ್ತದೆ. ಮಗುವಿನ ಮೈಯಿಂದ 2.5 ಎಂ.ಎಲ್. ಹೋಗುವುದು ತಪ್ಪುತ್ತಿತ್ತು.

ಮೊದಲ ವಾರದ ಜಮಾ-ಖರ್ಚು

ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಕೆ.ಜಿ.ಗೆ ಸುಮಾರು 90 ಎಂ.ಎಲ್. ರಕ್ತವಿರುತ್ತದೆ. 900 ಗ್ರಾಂಗೆ ಲೆಕ್ಕ ಹಾಕಿದರೆ 81 ಎಂ.ಎಲ್. ಹಿಮೋಗ್ಲೋಬಿನ್ 13.4 ಇದ್ದಾಗ ಇಡೀ ಮೈಯಲ್ಲಿರುವ ಹಿಮೋಗ್ಲೋಬಿನ್ 10.9 ಗ್ರಾಂ. ಈ ಮಗುವಿನಿಂದ 1 ಎಂ.ಎಲ್. ತೆಗೆಯುವುದೂ ದೊಡ್ಡವರಿಂದ 60 ಎಂ.ಎಲ್. ತೆಗೆಯುವುದೂ ಒಂದೇ.

ಏಳು ದಿನಗಳಲ್ಲಿ ತೆಗೆದದ್ದು ಹೀಗಿದೆ:

ಬ್ಲಡ್ ಗ್ಯಾಸ್ (ರಕ್ತದಲ್ಲಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಪರೀಕ್ಷೆ) 24 ಸಲ, ಪ್ರತಿ ಸಲ 0.3 ಎಂ.ಎಲ್. — 7.2
ಹೊಕ್ಕುಳ ಧಮನಿಗೆ ಹಾಕಿದ ತೆಳು ಕೊಳವೆಯಾದ ಕ್ಯಾತಿಟರ್‌ನಿಂದ ಮೊದಲು ಎಳೆದು ಚೆಲ್ಲಿದ್ದು — 4.2
ಎಲೆಕ್ಟ್ರೊಲೈಟ್, ಬಿಲಿರುಬಿನ್ ಇತ್ಯಾದಿ 6 ಸಲ — 3.0
ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಒಮ್ಮೆ ಸ್ಯಾಂಪಲ್ ಹೆಪ್ಪಾಗಿ ಮತ್ತೊಮ್ಮೆ — 2.6
ಕಲ್ಚರ್ 2 ಸಲ — 2.0
ಸಿಬಿಸಿ 3 ಸಲ — 1.5
ಗುಂಪು ಮತ್ತು (ದಾನಿಯ ರಕ್ತ ಹೊಂದುತ್ತದೆಯೇ ಎಂದು ನೋಡುವ) ಕ್ರಾಸ್‌ಮ್ಯಾಚ್ — 1.0

ಒಟ್ಟು 21.5 ಎಂ.ಎಲ್., ಅಂದರೆ ಹುಟ್ಟಿದಾಗಿನ ರಕ್ತದ ಸುಮಾರು ಶೇ. 27. ದೊಡ್ಡವರಲ್ಲಿ ಒಂದೇ ವಾರಕ್ಕೆ 1.3 ಲೀಟರ್ ತೆಗೆದ ಹಾಗೆ. ಚಾರ್ಟ್‌ನಲ್ಲಿ ಬರೆದದ್ದು ಮಾತ್ರ 12.4 ಎಂ.ಎಲ್. ಉಳಿದ 9.1 ಎಂ.ಎಲ್. ಯಾವ ಹಾಳೆಯಲ್ಲೂ ಇಲ್ಲ.

ಆ 9.1 ಎಲ್ಲಿ ಹೋಯಿತು? ಗ್ಯಾಸ್ ಯಂತ್ರಕ್ಕೆ ಬೇಕಾದದ್ದು 0.15 ಎಂ.ಎಲ್. ಸಿರಿಂಜ್‌ನಲ್ಲಿ 0.3 ಎಳೆದರೂ ಚಾರ್ಟ್‌ನಲ್ಲಿ ಬರೆದದ್ದು 0.15 ಮಾತ್ರ. 24 ಸಲಕ್ಕೆ ವ್ಯತ್ಯಾಸ 3.6. ಹೆಪ್ಪುಗಟ್ಟಿ ಎಸೆದ ಸ್ಯಾಂಪಲ್ ಲ್ಯಾಬ್ ತಲುಪಲಿಲ್ಲವೆಂದು ಬರೆಯಲಿಲ್ಲ, ಅದು 1.3. ಹೆಚ್ಚು ಹೋದದ್ದು ಕ್ಯಾತಿಟರ್‌ನಲ್ಲಿ. ಸ್ಯಾಂಪಲ್‌ಗೆ ಡ್ರಿಪ್ ದ್ರವ ಬೆರೆಯಬಾರದೆಂದು ಮೊದಲು 1 ಎಂ.ಎಲ್. ಎಳೆಯುತ್ತಾರೆ. ಕ್ಯಾತಿಟರ್ ಒಳಗಿನ ಜಾಗ 0.3 ಎಂ.ಎಲ್. ಇದ್ದರೆ ಉಳಿದ 0.7 ಪೂರ್ತಿ ರಕ್ತವೇ. ಅದನ್ನು ನಿಧಾನವಾಗಿ ಮರಳಿ ಒಳಗೆ ಕಳಿಸಬೇಕು. ಸಿರಿಂಜ್‌ನಲ್ಲಿ ಹೆಪ್ಪು ಕಟ್ಟಿರಬಹುದು ಎಂಬ ಅಂಜಿಕೆಯಿಂದ ಆರು ಸಲ ಅದನ್ನು ಚೆಲ್ಲಲಾಗಿದೆ. ಅಂಜಿಕೆ ಸುಳ್ಳಲ್ಲ, ಎರಡು ಮೂರು ನಿಮಿಷ ಬದಿಗಿಟ್ಟ ಸಿರಿಂಜ್‌ನಲ್ಲಿ ಹೆಪ್ಪಾಗಿರಬಹುದು. ಆದರೆ ಅದಕ್ಕೆ ಚೆಲ್ಲುವುದೇ ಪರಿಹಾರವಲ್ಲ. ಮೂರು ದಾರಿಯ ಸ್ಟಾಪ್‌ಕಾಕ್ ಇಟ್ಟು, ಎಳೆದ ರಕ್ತದ ಸಿರಿಂಜನ್ನು ಅದರಲ್ಲೇ ಬಿಟ್ಟು, ಸ್ಯಾಂಪಲ್ ತೆಗೆದ ಕೂಡಲೇ ಮರಳಿಸುವಂತೆ ಜೋಡಣೆ ಮಾಡಿಕೊಂಡರೆ ಸಾಕು. ಇಷ್ಟು ಕೆಲಸಕ್ಕೆ ಒಂದು ನಿಮಿಷ ಬೇಡ. ಬಟ್ಟೆಗೆ, ಹತ್ತಿಗೆ ಅಂಟಿದ್ದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ರಕ್ತಕಣಗಳ ಆಯಸ್ಸೂ ಕಡಿಮೆ. ದೊಡ್ಡವರಲ್ಲಿ 120 ದಿನ ಬಾಳುವ ಕಣ ಇಂಥ ಮಗುವಿನಲ್ಲಿ ಬಾಳುವುದು 35ರಿಂದ 50 ದಿನ. ಅಂದರೆ ದಿನಕ್ಕೆ ಸುಮಾರು ಶೇ. 2ರಿಂದ 3ರಷ್ಟು ತಾನಾಗಿಯೇ ಸವೆಯುತ್ತದೆ. ಹೊಸ ಕಣ ಹುಟ್ಟಿಸಬೇಕಾದ ಹಾರ್ಮೋನು ಎರಿಥ್ರೊಪೊಯೆಟಿನ್ ಈ ವಯಸ್ಸಿನಲ್ಲಿ ಮುಖ್ಯವಾಗಿ ಬರುವುದು ಮೂತ್ರಪಿಂಡದಿಂದಲ್ಲ, ಯಕೃತ್ತಿನಿಂದ. ಯಕೃತ್ತು ಆಮ್ಲಜನಕದ ಕೊರತೆಗೆ ಮೂತ್ರಪಿಂಡದಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಗರ್ಭದಲ್ಲಿ ಆಮ್ಲಜನಕ ಕಡಿಮೆಯಿರುವುದೇ ಸಹಜವಾದ್ದರಿಂದ ಅಲ್ಲಿ ಈ ಮಂದತನ ತೊಂದರೆ ಕೊಡುವುದಿಲ್ಲ. ಹೊರಗೆ ಬಂದು ಆಮ್ಲಜನಕ ಧಾರಾಳವಾಗಿ ಸಿಕ್ಕಿದೊಡನೆ ಉತ್ಪಾದನೆ ಇನ್ನೂ ಇಳಿಯುತ್ತದೆ. ಮೂತ್ರಪಿಂಡ ಕೆಲಸ ವಹಿಸಿಕೊಳ್ಳುವ ಹೊತ್ತು ಗರ್ಭದ ವಾರಗಳ ಲೆಕ್ಕವನ್ನೇ ಅನುಸರಿಸುತ್ತದೆ. ಬೇಗ ಹುಟ್ಟಿದೆ ಎಂದು ಅದು ಬೇಗ ಆಗುವುದಿಲ್ಲ.

10.9 ಗ್ರಾಂನಿಂದ ಸ್ಯಾಂಪಲ್‌ಗಳಲ್ಲಿ ಹೋದ 2.6, ಸವೆದು ಹೋದ ಸುಮಾರು 1.4 ಕಳೆದು, ಮೂಳೆಯ ಮಜ್ಜೆ ಹೊಸದಾಗಿ ಸೇರಿಸಿದ ಅಷ್ಟಿಷ್ಟನ್ನು ಕೂಡಿಸಿದರೆ 7.2 ಗ್ರಾಂ ಉಳಿಯಿತು. ಅಷ್ಟರಲ್ಲಿ ತೂಕ 850 ಗ್ರಾಂಗೆ ಇಳಿದಿತ್ತು, ರಕ್ತದ ಗಾತ್ರ ಸುಮಾರು 76 ಎಂ.ಎಲ್. ಭಾಗಿಸಿದರೆ ಬರುವುದು 9.4. ಲ್ಯಾಬ್ ವರದಿ ಹೇಳಿದ್ದೂ ಅದನ್ನೇ. ಲೆಕ್ಕದಲ್ಲಿ ಸೇರದ 9.1 ಎಂ.ಎಲ್. ಮಗುವಿನಲ್ಲೇ ಉಳಿದಿದ್ದರೆ ಅಂಕಿ 10.5ರಿಂದ 11ರ ನಡುವೆ ಇರುತ್ತಿತ್ತು. ಆ ವಾರ ರಕ್ತ ಕೊಡುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆರನೇ ದಿನ 11.1, ಎಂಟನೇ ದಿನ 9.4

ಎರಡೇ ದಿನದಲ್ಲಿ 1.7 ಇಳಿದದ್ದು ಕಂಡು ಮೆದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು ತಲೆಯ ಅಲ್ಟ್ರಾಸೌಂಡ್ ಮಾಡಿಸಲಾಯಿತು. ಏನೂ ಇರಲಿಲ್ಲ. ಸ್ಕ್ಯಾನ್ ಕೇಳಿದ್ದು ಸರಿಯೇ, ಅದು ತಪ್ಪಿಸಬಾರದ ಪರೀಕ್ಷೆ. ಆದರೆ ಆ ಇಳಿತದಲ್ಲಿ ಒಂದು ಪಾಲು ನಿಜವಾದದ್ದಲ್ಲ. ಕ್ಯಾತಿಟರ್ ತೆಗೆದ ಮೇಲೆ ಆರನೇ ದಿನದ ಸ್ಯಾಂಪಲ್ ಹಿಮ್ಮಡಿ ಚುಚ್ಚಿ ತೆಗೆದದ್ದು, ಎಂಟನೇ ದಿನದ್ದು ಅಭಿಧಮನಿಯಿಂದ. ತಣ್ಣಗಿರುವ, ರಕ್ತ ನಿಧಾನವಾಗಿ ಹರಿಯುವ ಹಿಮ್ಮಡಿಯಲ್ಲಿ ಕಣಗಳು ದಟ್ಟವಾಗಿ ನಿಲ್ಲುವುದರಿಂದ ಅಂಕಿ ಹೆಚ್ಚು ತೋರುತ್ತದೆ. ಹಿಮ್ಮಡಿಯನ್ನು ಮೊದಲು ಬೆಚ್ಚಗೆ ಮಾಡಿ, ಹಿಂಡದೆ ತೆಗೆದರೆ ಅಂತರ ಕಡಿಮೆಯಾಗುತ್ತದೆ. ಹೋಲಿಸುವಾಗ ಒಂದೇ ಜಾಗದಿಂದ ತೆಗೆದ ಅಂಕಿಗಳನ್ನೇ ಹೋಲಿಸಬೇಕು, ಎಲ್ಲಿಂದ ತೆಗೆದದ್ದು ಎಂದು ವರದಿಯ ಪಕ್ಕ ಬರೆದಿಡಬೇಕು.

ಮಗು ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್‌ನಲ್ಲಿತ್ತು, ಶೇ. 30 ಆಮ್ಲಜನಕ. ಎರಡನೇ ವಾರದಲ್ಲಿ, ಉಸಿರಾಟದ ನೆರವಿರುವ ಮಗುವಿಗೆ ರಕ್ತ ಕೊಡುವ ಮಿತಿ 10. ಈ ಮಿತಿಗಳು ಬಂದದ್ದು 2020ರಲ್ಲಿ ಪ್ರಕಟವಾದ ಟಾಪ್ ಅಧ್ಯಯನದಿಂದ. 1,000 ಗ್ರಾಂ ಮೀರದ 1,824 ಶಿಶುಗಳಲ್ಲಿ ಹೆಚ್ಚಿನ ಮಿತಿ, ಕಡಿಮೆ ಮಿತಿ ಎರಡನ್ನೂ ಹೋಲಿಸಿದಾಗ ಎರಡು ವರ್ಷದ ಹೊತ್ತಿಗೆ ಸಾವು ಅಥವಾ ನರವಿಕಾಸದ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಬಂದ ಎಟ್‌ನೊ ಅಧ್ಯಯನ 1,013 ಶಿಶುಗಳಲ್ಲಿ ಅದನ್ನೇ ಹೇಳಿತು. ಟಾಪ್ ಅಧ್ಯಯನದ ಕಡಿಮೆ ಮಿತಿ ಅಂದರೆ ಉಸಿರಾಟದ ನೆರವಿದ್ದಾಗ ಮೊದಲ ವಾರ 11, ಎರಡನೇ ವಾರ 10, ಆಮೇಲೆ 8.5. ನೆರವಿಲ್ಲದಿದ್ದರೆ ಕ್ರಮವಾಗಿ 10, 8.5, 7. ಇವಕ್ಕಿಂತಲೂ ಕೆಳಗೆ ಹೋಗಬಹುದು ಎಂದು ಈ ಅಧ್ಯಯನಗಳು ಹೇಳಿಲ್ಲ. ಅದನ್ನು ಮರೆತು "ಕಡಿಮೆಯೇ ಒಳ್ಳೆಯದು" ಎಂದು ಕಾಯುವವರೂ ಇದ್ದಾರೆ.

ಹೀಗೆ ಎಂಟನೇ ದಿನ ಹುಟ್ಟಿದಾಗಿನ ತೂಕಕ್ಕೆ ಕೆ.ಜಿ.ಗೆ 15ರಂತೆ 13.5 ಎಂ.ಎಲ್. ಕೆಂಪುಕಣ ಕೊಡಲಾಯಿತು. ಬಿಳಿಕಣ ಸೋಸಿದ, ವಿಕಿರಣಕ್ಕೊಡ್ಡಿದ ರಕ್ತ, ತಾಯಿಯ ಪ್ರತಿಕಾಯಗಳಿಗೂ ಹೊಂದುವಂಥದ್ದು. ಸಿರಿಂಜ್ ಪಂಪ್‌ನಲ್ಲಿ ಮೂರೂವರೆ ಗಂಟೆ, ಫ್ರಿಜ್‌ನಿಂದ ಹೊರತೆಗೆದು ನಾಲ್ಕು ಗಂಟೆಯೊಳಗೆ ಮುಗಿಯುವಂತೆ. ಮರುದಿನ 12.9. ಒಬ್ಬರೇ ದಾನಿಯ ರಕ್ತವನ್ನು ಸಣ್ಣ ಚೀಲಗಳಾಗಿ ವಿಂಗಡಿಸಿ ಈ ಮಗುವಿಗೆಂದೇ ಕಾದಿರಿಸಿದ್ದು ಇಲ್ಲಿ ನಡೆದ ಒಳ್ಳೆಯ ಕೆಲಸ. ಎರಡನೇ ಸಲಕ್ಕೂ ಅದೇ ದಾನಿಯ ರಕ್ತ ಸಿಕ್ಕಿತು, ಹೊಸ ದಾನಿಯ ಅಪಾಯ ಸೇರಲಿಲ್ಲ.

ರಕ್ತ ಕೊಡುವುದಕ್ಕೂ ಒಂದು ಬೆಲೆಯಿದೆ. ದಾನಿಯ ಕಣಗಳಲ್ಲಿರುವುದು ವಯಸ್ಕರ ಹಿಮೋಗ್ಲೋಬಿನ್, ಭ್ರೂಣದ್ದಕ್ಕಿಂತ ಸುಲಭವಾಗಿ ಅದು ಅಂಗಾಂಶಗಳಿಗೆ ಆಮ್ಲಜನಕ ಬಿಟ್ಟುಕೊಡುತ್ತದೆ. ಆ ಮಟ್ಟಿಗೆ ಒಳ್ಳೆಯದೇ. ಆದರೆ ಮೊದಲೇ ಮಂದವಾಗಿದ್ದ ಎರಿಥ್ರೊಪೊಯೆಟಿನ್ ಇನ್ನೂ ಕುಗ್ಗುತ್ತದೆ, ಮಜ್ಜೆ ಎಚ್ಚರಗೊಳ್ಳುವುದು ಮುಂದಕ್ಕೆ ಹೋಗುತ್ತದೆ.

ನಂಜು, ನಿಂತ ಹಾಲು, ತಡವಾದ ಕಬ್ಬಿಣ

ಹದಿನಾರನೇ ದಿನ ಮಗು ಉಸಿರು ಮರೆಯತೊಡಗಿತು, ಉರಿಯೂತ ತೋರಿಸುವ ಸಿಆರ್‌ಪಿ ಏರಿತು, ಕಲ್ಚರ್‌ನಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್‌ಗೆ ಸಂಬಂಧಿಸಿದ ಬ್ಯಾಕ್ಟೀರಿಯಾ ಬೆಳೆಯಿತು. ನಂಜಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಾಗಿ ಕರುಳಿನಿಂದ ಕಬ್ಬಿಣ ಹೀರುವುದಕ್ಕೂ, ಶೇಖರದಿಂದ ಹೊರಬರುವುದಕ್ಕೂ ತಡೆ ಬೀಳುತ್ತದೆ. ಜೊತೆಗೆ ಪರೀಕ್ಷೆಗಳ ಸರಣಿ ಮತ್ತೆ ಶುರುವಾಗುತ್ತದೆ. ಸಿಪ್ಯಾಪ್ ಮತ್ತೆ ಬೇಕಾಯಿತು. 19ನೇ ದಿನ 8.2 ಬಂದಾಗ ಎರಡನೇ ಸಲ 15 ಎಂ.ಎಲ್. ರಕ್ತ ಕೊಟ್ಟರು, ಆಗ ತೂಕ 1 ಕೆ.ಜಿ.

ಎರಡು ವಾರ ತುಂಬಿ, ಹಾಲು ಸಾಕಷ್ಟು ಜೀರ್ಣವಾಗುತ್ತಿದ್ದಾಗ ಶುರುವಾಗಬೇಕಿದ್ದ ಕಬ್ಬಿಣದ ಡ್ರಾಪ್ಸ್ 30ನೇ ದಿನಕ್ಕೆ ಹೋಯಿತು. ನಂಜಿನ ನಡುವೆ ಹಾಲು ನಿಲ್ಲಿಸಿ ಕಬ್ಬಿಣ ಮುಂದೂಡಿದ್ದು ಸರಿ. ಗುಣವಾದ ಮೇಲೂ ಒಂದು ವಾರ ಕಳೆದದ್ದಕ್ಕೆ ಕಾರಣ, ಕಬ್ಬಿಣ ಆರಂಭಿಸುವ ದಿನವನ್ನು ಔಷಧದ ಹಾಳೆಯಲ್ಲಿ ಯಾರೂ ಗುರುತು ಹಾಕದೇ ಇದ್ದದ್ದು.

0.05 ಎಂ.ಎಲ್.

44ನೇ ದಿನ. ತೂಕ 1.4 ಕೆ.ಜಿ., ಯಾವ ನೆರವೂ ಇಲ್ಲದೆ ಉಸಿರಾಟ. ಹಿಮೋಗ್ಲೋಬಿನ್ 7.6, ರೆಟಿಕ್ಯುಲೊಸೈಟ್ (ಮಜ್ಜೆಯಿಂದ ಹೊಸದಾಗಿ ಬಂದ ಕೆಂಪುಕಣ) ಶೇ. 1.2, ಫೆರಿಟಿನ್ (ಕಬ್ಬಿಣದ ಶೇಖರ ತೋರಿಸುವ ಅಂಕಿ) 38. ನಾಡಿ 170ರ ಆಸುಪಾಸು, ದಿನದ ತೂಕದ ಏರಿಕೆ ಕೆ.ಜಿ.ಗೆ 15 ಗ್ರಾಂನಿಂದ 8ಕ್ಕೆ ಇಳಿದಿದೆ. ಒಂದು ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ಹಿಮೋಗ್ಲೋಬಿನ್ ನಾಲ್ಕರಿಂದ ಎಂಟು ವಾರದೊಳಗೆ 7-8ಕ್ಕೆ ಇಳಿಯುವುದು ನಿರೀಕ್ಷಿತವೇ. ರೆಟಿಕ್ಯುಲೊಸೈಟ್ ಕಡಿಮೆಯಿರುವುದೂ ಈ ಚಿತ್ರಕ್ಕೆ ಹೊಂದುತ್ತದೆ. ಅದು ಹೆಚ್ಚಿದ್ದಿದ್ದರೆ ರಕ್ತಸ್ರಾವವನ್ನೋ, ತಾಯಿ-ಮಗುವಿನ ರಕ್ತದ ಗುಂಪು ಹೊಂದದೆ ಅಥವಾ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಂದ ಕಣ ಒಡೆಯುವುದನ್ನೋ ಹುಡುಕಬೇಕಿತ್ತು. ಹೊಂದದಿದ್ದದ್ದು ಫೆರಿಟಿನ್. ಎರಡು ಸಲ ರಕ್ತ ಪಡೆದ ಮಗುವಿಗೆ ದಾನಿಯ ಕಣಗಳಿಂದಲೇ ಸುಮಾರು 20 ಮಿ.ಗ್ರಾಂ ಕಬ್ಬಿಣ ಬಂದಿರುತ್ತದೆ, ಎರಡು ವಾರದಿಂದ ಡ್ರಾಪ್ಸ್ ಬೇರೆ. ಶೇಖರ ತಳ ಕಾಣಬಾರದಿತ್ತು.

ಔಷಧದ ಹಾಳೆ ನೋಡಿದಾಗ ಗೊತ್ತಾಯಿತು. ಆದೇಶ: ಕೆ.ಜಿ.ಗೆ 3 ಮಿ.ಗ್ರಾಂ ಕಬ್ಬಿಣ, ತೂಕ 1.2, ಒಟ್ಟು 3.6 ಮಿ.ಗ್ರಾಂ. ಬಾಟಲಿಯ ಮೇಲೆ ಎರಡು ಅಂಕಿ: 1 ಎಂ.ಎಲ್.ನಲ್ಲಿ ಫೆರಸ್ ಸಲ್ಫೇಟ್ 75 ಮಿ.ಗ್ರಾಂ, ಅದರಲ್ಲಿ ಶುದ್ಧ ಕಬ್ಬಿಣ 15 ಮಿ.ಗ್ರಾಂ. 15ರಿಂದ ಭಾಗಿಸಬೇಕಿತ್ತು, 0.24 ಎಂ.ಎಲ್. ಬರುತ್ತಿತ್ತು. ಭಾಗಿಸಿದ್ದು 75ರಿಂದ, ಹಾಗಾಗಿ 0.05. ಮಗುವಿಗೆ ಸಿಕ್ಕಿದ್ದು ಬೇಕಾದದ್ದರ ಐದನೇ ಒಂದು ಪಾಲು, ಅದೂ 1.2 ಕೆ.ಜಿ.ಯ ಲೆಕ್ಕದಲ್ಲಿ. ತೂಕ 1.4 ಆದರೂ ಪ್ರಮಾಣ ಬದಲಾಗಿರಲಿಲ್ಲ. 1 ಎಂ.ಎಲ್. ಸಿರಿಂಜ್‌ನಲ್ಲಿ 0.05 ಅಂದರೆ ಮೂತಿಯಲ್ಲಿ ಉಳಿಯುವಷ್ಟು ಹನಿ. ಬಾಯಿಂದ ಕೊಡುವ ಔಷಧದ ಲೆಕ್ಕ ಇಷ್ಟು ಚಿಕ್ಕದಾಗಿ ಬಂದರೆ ಲೆಕ್ಕವನ್ನೇ ಅನುಮಾನಿಸಬೇಕು. ಇದೇ ತಪ್ಪು ತಿರುಗುಮುರುಗಾದರೆ ಐದು ಪಟ್ಟು ಹೆಚ್ಚು ಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ಆದೇಶದಲ್ಲಿ "ಶುದ್ಧ ಕಬ್ಬಿಣ ಇಷ್ಟು ಮಿ.ಗ್ರಾಂ, ಅಂದರೆ ಇಷ್ಟು ಎಂ.ಎಲ್." ಎಂದು ಎರಡನ್ನೂ ಬರೆಯಿಸುವುದು ಇದಕ್ಕಿರುವ ಸರಳ ಉಪಾಯ.

ಮೂರನೇ ಸಲ ರಕ್ತ ಕೊಡಬೇಕೇ ಎಂಬ ಚರ್ಚೆಯಲ್ಲಿ ಎರಡೂ ಕಡೆ ವಾದವಿತ್ತು. ನಾಡಿ ಹೆಚ್ಚಿದೆ, ತೂಕ ಏರುತ್ತಿಲ್ಲ. ಆದರೆ 7.6 ಇನ್ನೂ 7ರ ಮಿತಿಗಿಂತ ಮೇಲಿದೆ, ಉಸಿರು ನಿಲ್ಲುವುದಿಲ್ಲ, ಅಂಗಾಂಶಕ್ಕೆ ಆಮ್ಲಜನಕ ಸಾಲದಿದ್ದರೆ ಏರುವ ಲ್ಯಾಕ್ಟೇಟ್ ಸಹಜ. ಆಗ ಕೊಟ್ಟರೆ ಮಜ್ಜೆ ಮತ್ತೆ ಕೆಲವು ವಾರ ಸುಮ್ಮನಾಗುತ್ತಿತ್ತು. ನಂಜಿಲ್ಲವೆಂದು ಖಚಿತಪಡಿಸಿಕೊಂಡು, ಎದೆಹಾಲಿಗೆ ಸೇರಿಸುವ ಪೋಷಕಪುಡಿಯ ಪ್ರಮಾಣ ಸರಿಮಾಡಿ, ಕಬ್ಬಿಣವನ್ನು ಕೆ.ಜಿ.ಗೆ 4 ಮಿ.ಗ್ರಾಂಗೆ ಏರಿಸಿದರು: 5.6 ಮಿ.ಗ್ರಾಂ, ಅಂದರೆ 0.37 ಎಂ.ಎಲ್., ಎರಡು ಸಲಕ್ಕೆ ಹಂಚಿ. ಪೋಷಕಪುಡಿಯಲ್ಲೇ ಕಬ್ಬಿಣವಿದ್ದರೆ ಅದನ್ನು ಕಳೆದು ಲೆಕ್ಕ ಹಾಕಬೇಕು, ಎಲ್ಲ ಸೇರಿ ಕೆ.ಜಿ.ಗೆ 5 ಮೀರಬಾರದು. ಹಿಮೋಗ್ಲೋಬಿನ್ ಪರೀಕ್ಷೆ ವಾರಕ್ಕೊಮ್ಮೆ ಮಾತ್ರ, ರೆಟಿಕ್ಯುಲೊಸೈಟ್ ಜೊತೆ, ಒಂದೇ ಸಣ್ಣ ಟ್ಯೂಬಿನಲ್ಲಿ. ಉಸಿರು ಮರೆತರೆ, ಆಮ್ಲಜನಕ ಬೇಕಾದರೆ ಅಥವಾ 7ಕ್ಕೆ ಇಳಿದರೆ ರಕ್ತ ಕೊಡುವುದು ಎಂದು ಮೊದಲೇ ಬರೆದಿಟ್ಟರು. 54ನೇ ದಿನ ರೆಟಿಕ್ಯುಲೊಸೈಟ್ ಶೇ. 4.8, ಹಿಮೋಗ್ಲೋಬಿನ್ 7.9. ತೂಕ ಮತ್ತೆ ಏರತೊಡಗಿತು. ಮೂರನೇ ಸಲ ರಕ್ತ ಬೇಕಾಗಲಿಲ್ಲ.

ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೊಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅದು ರಕ್ತ ಕೊಡುವ ಸಂಖ್ಯೆಯನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಸ್ಯಾಂಪಲ್‌ಗಳ ನಷ್ಟ ಹಾಗೇ ಇದ್ದು, ಕಬ್ಬಿಣ ಐದನೇ ಒಂದು ಪಾಲು ಹೋಗುತ್ತಿದ್ದರೆ ಅದರಿಂದ ಆಗುವುದು ಕಡಿಮೆ. ಫೋಲೇಟ್, ಬಿ12, ವಿಟಮಿನ್ ಇ ಕೊರತೆಗಳನ್ನೂ ಪಟ್ಟಿಯಲ್ಲಿ ಬರೆಯುವ ವಾಡಿಕೆಯಿದೆ. ಈಗಿನ ಆಹಾರ ಕ್ರಮದಲ್ಲಿ ಅವು ಅಪರೂಪ.

ಮನೆಗೆ ಹೋಗುವಾಗ

70ನೇ ದಿನ ತೂಕ 2.2 ಕೆ.ಜಿ., ಹಿಮೋಗ್ಲೋಬಿನ್ 8.8, ರೆಟಿಕ್ಯುಲೊಸೈಟ್ ಶೇ. 5.2. ಅಂಕಿ ಇನ್ನೂ ಕಡಿಮೆಯೇ, ಆದರೆ ಏರುತ್ತಿದೆ. ಮುಂದಿನ ಅಪಾಯ ಬೆಳವಣಿಗೆಯದ್ದು: ತೂಕ ಇಮ್ಮಡಿಯಾಗುವಾಗ ರಕ್ತದ ಗಾತ್ರವೂ ಇಮ್ಮಡಿಯಾಗುತ್ತದೆ, ಅದಕ್ಕೆ ಬೇಕಾದ ಕಬ್ಬಿಣ ಎದೆಹಾಲಿನಲ್ಲಿ ಸಾಕಾಗುವುದಿಲ್ಲ. ಎರಡು ವಾರಕ್ಕೆ ಹಿಮೋಗ್ಲೋಬಿನ್ ಮತ್ತು ರೆಟಿಕ್ಯುಲೊಸೈಟ್, ಆರು ವಾರಕ್ಕೆ ಫೆರಿಟಿನ್ ನೋಡುವುದೆಂದು ಬರೆಯಲಾಯಿತು. ಫೆರಿಟಿನ್ 35ಕ್ಕಿಂತ ಕೆಳಗಿದ್ದರೆ ಪ್ರಮಾಣ ಏರಿಸುವುದು, 300 ದಾಟಿದರೆ ನಿಲ್ಲಿಸುವುದು. ಜ್ವರ ಅಥವಾ ನಂಜು ಇದ್ದಾಗ ತೆಗೆದ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುವುದರಿಂದ ಆಗ ನೋಡಬಾರದು. ಡ್ರಾಪ್ಸ್ ಕನಿಷ್ಠ ಆರು ತಿಂಗಳು, ಊಟದಿಂದ ಸಾಕಷ್ಟು ಕಬ್ಬಿಣ ಸಿಗದಿದ್ದರೆ ವರ್ಷದವರೆಗೆ.

ಮನೆಯವರ ಕೈಗೆ ಕೊಟ್ಟ ಚೀಟಿಯಲ್ಲಿ ತೂಕಕ್ಕೆ ತಕ್ಕ ಎಂ.ಎಲ್. ಬರೆದಿತ್ತು, ಕೆ.ಜಿ.ಗೆ 3 ಮಿ.ಗ್ರಾಂ ಲೆಕ್ಕದಲ್ಲಿ: 2.2 ಕೆ.ಜಿ.ಗೆ 0.44, 2.5ಕ್ಕೆ 0.5, 3ಕ್ಕೆ 0.6, 3.5ಕ್ಕೆ 0.7. ಕೆಳಗೆ ಎರಡು ಸಾಲು: ಬಾಟಲಿ ಬದಲಾದರೆ ಮೇಲಿನ ಅಂಕಿಗಳು ನಡೆಯುವುದಿಲ್ಲ, ಹೊಸ ಬಾಟಲಿಯನ್ನು ತಂದು ತೋರಿಸಿ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಬಾಟಲಿ ಅವರ ಕೈಗೆ ಸಿಗದಂತೆ ಎತ್ತರದಲ್ಲಿಡಿ, ಒಂದು ಬಾಟಲಿ ಕುಡಿದುಬಿಟ್ಟರೂ ಕಬ್ಬಿಣ ವಿಷವಾಗುತ್ತದೆ.